ಎಲೆಯಿಂದ ಏಳುವಾಗ

ಊಟ ಮುಗಿದೊಡನೆ ನನ್ನ ಸೋದರಮಾವನ ಎಡಗೈ ಬೆನ್ನಿನ ಹಿಂದೆ ಹೋಗುತ್ತಿತ್ತು. ಎಂಜಲಾದ ಬಲಗೈ ಎದೆಯ ಮಟ್ಟಕ್ಕೆ. ಚಕ್ಕಳಮಕ್ಕಳ ಹಾಕಿದ ಕಾಲುಗಳ ಮೇಲೆಯೇ ದೇಹ ತುಸು ಮುಂದೆ ಬಾಗಿ, ಸದ್ದಿಲ್ಲದೆ ನೆಟ್ಟಗೆ ನಿಲ್ಲುತ್ತಿತ್ತು. ವಯಸ್ಸು ಅರುವತ್ತರ ಹತ್ತಿರ ಬಂದಿದ್ದರೂ ಅವರು ನೆಲಕ್ಕೆ ಕೈ ಊರಿದ್ದನ್ನು ನಮ್ಮೂರು ಪುತ್ತಿಗೆಯಲ್ಲಿ ಯಾರೂ ಕಂಡವರಿಲ್ಲ.

ಊರಿನ ಯಾವ ಊಟಕ್ಕೂ ಬಡಿಸಲು ಅವರೇ ಮುಂದೆ. ಬಡಿಸಿಯಾದ ಮೇಲೆ ಕಂಬಕ್ಕೊರಗಿ, ಪಂಕ್ತಿ ಏಳುವುದನ್ನು ನೋಡುತ್ತಾ ನಿಲ್ಲುವರು.

"ನಲ್ವತ್ತು ದಾಟಿದವನ ತಲೆಕೂದಲು ನೋಡ್ಬೇಡ ಮಾರಾಯ, ಎಲೆಯಿಂದ ಏಳುವುದು ನೋಡು. ಮುಪ್ಪು ಎಲ್ಲಿವರೆಗೆ ಬಂದುಂಟು ಅಂತ ಗೊತ್ತಾಗ್ತದೆ."

ಕೈ ಊರಿದವರನ್ನು ಬಿಡುತ್ತಿರಲಿಲ್ಲ. "ಏನು ಪಟೇಲ್ರೆ, ನೆಲ ಬಿಡ್ಲಿಕ್ಕೆ ಮನಸ್ಸಿಲ್ವಾ? ಅದರ ಮೇಲೂ ದಾವೆ ಹಾಕಿದ್ದೀರಾ?" ಮುಂದಿನ ಮದುವೆಯೂಟಕ್ಕೆ ಮೊದಲು ಪಟೇಲರು ಕೋಣೆಯ ಬಾಗಿಲು ಹಾಕಿಕೊಂಡು ಕೂತು ಎದ್ದು ಮಾಡಿದರೆಂದು ಅವರ ಹೆಂಡತಿಯೇ ಹೇಳಿದ್ದುಂಟು.

ನಮ್ಮ ಕುಟುಂಬದಲ್ಲಿ ಮೊದಲ ಬಿ.ಎ. ನಾನು. ಹೆಮ್ಮೆಯಿಂದಲೇ ಬರೆಯುತ್ತೇನೆ. ಐವತ್ತರ ದಶಕವಿಡೀ ಬಂಟ್ವಾಳದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಹಗಲು ಕುರ್ಚಿಯಲ್ಲಿ ಕೆಲಸ, ಸಂಜೆ ಇನ್ನೊಂದು ಕುರ್ಚಿಯಲ್ಲಿ ಓದು. ಫೇಲಾಗಿ, ಮತ್ತೆ ಪರೀಕ್ಷೆ ಕಟ್ಟಿ, ಪಾಸಾಗುವಾಗ ನಲ್ವತ್ತು ದಾಟಿತ್ತು. ಮಾವ ಊರಿಗೇ ಊಟ ಹಾಕಿದರು. ನನ್ನನ್ನು ಪಂಕ್ತಿಯ ತಲೆಯಲ್ಲಿ ಕೂರಿಸಿದರು. ಅಲ್ಲಿ ಕೂತವನು ಏಳದೆ ಉಳಿದವರು ಏಳುವಂತಿಲ್ಲ.

ಎಲ್ಲರೂ ಉಂಡು ನನ್ನನ್ನೇ ನೋಡುತ್ತಿದ್ದರು. ಏಳಲು ಹೊರಟೆ. ಮೊಣಕಾಲು ಒಪ್ಪಲಿಲ್ಲ. ಎಡಗೈ ಊರಿದೆ, ಆಗಲೂ ಆಗಲಿಲ್ಲ. ಮತ್ತೊಮ್ಮೆ ಊರಿ, ಪಕ್ಕದವರ ಹೆಗಲ ಮೇಲೆಯೇ ವಾಲಿದೆ.

"ಬಿ.ಎ. ಭಾರ ಉಂಟು ಮಾರಾಯ್ರೆ!" ಯಾರೋ ಅಂದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನನ್ನ ಕಿವಿ ಸುಟ್ಟಂತಾಯಿತು. ಪರೀಕ್ಷೆಯಲ್ಲಿ ಫೇಲಾದಾಗಲೂ ಅಷ್ಟು ನಾಚಿಕೆಯಾಗಿರಲಿಲ್ಲ. ಇನ್ನು ಮಾವನ ಮಾತು ಬರುತ್ತದೆಂದು ಕಂಬದತ್ತ ಕಣ್ಣೆತ್ತಿದೆ.

ಮಾವ ಗೋಡೆಗೆ ಮುಖ ಮಾಡಿ ನಿಂತಿದ್ದರು. ಪಾಯಸದ ಪಾತ್ರೆಗೆ ಸೌಟು ಬಡಿದು, "ಏಳ್ಬೇಡಿ, ಯಾರೂ ಏಳ್ಬೇಡಿ! ಪಾಯಸ ಇನ್ನೂ ಉಂಟು!" ಎಂದು ಕೂಗಿದರು. ಜನರ ಗಮನ ಎಲೆಗೆ ಮರಳಿತು. ನನ್ನ ಬಳಿ ಬಂದಾಗ ಬಗ್ಗಿ ಪಿಸುಗುಟ್ಟಿದರು: "ಕಾಲು ಬಿಡಿಸಿಕೋ. ನಿಧಾನ ಉಣ್ಣು."

ಮರುದಿನ ಬೆಳಿಗ್ಗೆ ಜಗಲಿಗೆ ಕರೆದರು. "ಡಿಗ್ರಿ ಕುರ್ಚಿಯಲ್ಲಿ ಕೂತು ಬಂತು. ಇದು ನೆಲದಲ್ಲಿ ಕೂತೇ ಬರ್ಬೇಕು. ಕೂರು."

ಮೊದಲು ಜಗಲಿಯ ಅಂಚಿನಿಂದ ಏಳುವುದು, ಆಮೇಲೆ ಮೆಟ್ಟಿಲಿನಿಂದ, ಆಮೇಲೆ ಮಣೆಯಿಂದ. ರಜೆಯಲ್ಲಿ ಊರಿಗೆ ಹೋದಾಗಲೆಲ್ಲ ಇದೇ ಪಾಠ. ಕೊನೆಗೊಂದು ದಿನ ಬರಿನೆಲದಿಂದ ಕೈ ಊರದೆ ಎದ್ದೆ. "ಹ್ಞಾಂ, ಈಗ ಪಾಸು" ಅಂದರು, ಅಷ್ಟೆ. ಕಾಲು ಸರಿಯಾಯಿತು, ಪಂಕ್ತಿಯ ತಲೆಯಲ್ಲಿ ಕೂರಿಸಿದರೆ ಕಿವಿ ಮಾತ್ರ ಈಗಲೂ ಬಿಸಿಯಾಗುತ್ತದೆ.

ಮಾವ ತೀರಿಕೊಂಡದ್ದು ಅರುವತ್ತರ ದಶಕದ ಕೊನೆಗೆ, ಒಂದು ಮಳೆಗಾಲದಲ್ಲಿ. ಅದಕ್ಕೆ ಕೆಲವೇ ದಿನ ಮೊದಲು ನೋಡಲು ಹೋಗಿದ್ದೆ. ಊಟಕ್ಕೆ ಕುರ್ಚಿ ತಂದರೆ ದೂಡಿ, ಗೋಡೆ ಹಿಡಿದುಕೊಂಡು ನೆಲದಲ್ಲೇ ಕೂತರು. ಗಂಜಿ ಉಂಡು, ಎಡಗೈಯನ್ನು ಬೆನ್ನ ಹಿಂದೆ ಒಯ್ದರು. ದೇಹ ಮೇಲೆ ಬರಲಿಲ್ಲ. ಕೈ ಬೆನ್ನಿನಿಂದ ಇಳಿದು ನೆಲ ಹುಡುಕತೊಡಗಿತು. ಅವರು ನನ್ನತ್ತ ನೋಡಿದರು. ಆ ಮುಖದಲ್ಲಿ ಅಂಥ ನಾಚಿಕೆಯನ್ನು ನಾನು ಕಂಡಿರಲಿಲ್ಲ.

ನಾನು ಗೋಡೆಯ ಕಡೆ ತಿರುಗಿದೆ.

"ಮಾವ, ಗಂಜಿ ಇನ್ನೂ ಉಂಟು. ಹಾಕ್ಲಾ?"

ಬಟ್ಟಲು ನನ್ನತ್ತ ಸರಿದ ಸದ್ದು ಕೇಳಿತು. ಆಮೇಲೆ, "ಹಾಕು" ಅಂದರು.

ಅವರಿಗೆ ಹಸಿವಿರಲಿಲ್ಲ. ನನಗೂ ಅಂದು ಪಾಯಸ ಬೇಕಿರಲಿಲ್ಲ.