ಡೆಸ್ಕ್ ಬಡಿದ ಜರ್ಮನ್ನರು

ನಮ್ಮ ವಿಶ್ವವಿದ್ಯಾಲಯದ ಜರ್ಮನ್ ವಿಭಾಗಕ್ಕೆ ಜರ್ಮನಿಯ ಪ್ರೊಫೆಸರೊಬ್ಬರು ಹತ್ತು ವಿದ್ಯಾರ್ಥಿಗಳನ್ನು ಕರೆದುಕೊಂಡು ಬಂದಿದ್ದರು. ಹಂಪಿ ತೋರಿಸಿದ ಮೇಲೆ ಮಲಪನಗುಡಿಯ ಶಾಲೆಯಲ್ಲಿ ಅವರಿಗೊಂದು ಉಪನ್ಯಾಸ ಇಟ್ಟೆವು. ಮಾತಾಡುವವರು ಹನುಮಂತಪ್ಪ, ಕಾಲುವೆ ನೀರಲ್ಲಿ ಕಬ್ಬು ಬೆಳೆಯುವ ರೈತರು; ಊರಿನ ಹಳೇ ಮೆಟ್ಟಿಲುಬಾವಿಯ ಬಗ್ಗೆ ಅವರಷ್ಟು ತಿಳಿದವರಿಲ್ಲ. ಅನುವಾದ ನನ್ನದು.

ಇಸ್ತ್ರಿ ಮಾಡಿದ ಧೋತರ ಉಟ್ಟು ಬಂದಿದ್ದ ಅವರು ಅರ್ಧ ಗಂಟೆ ಚೆಂದ ಮಾತಾಡಿ ಕೈ ಮುಗಿದರು. ತಕ್ಷಣ ಹತ್ತೂ ಜನ ಬೆರಳ ಗೆಣ್ಣಿನಿಂದ ಡೆಸ್ಕ್ ಬಡಿಯತೊಡಗಿದರು. ಹನುಮಂತಪ್ಪನವರ ಮುಖ ಕಪ್ಪಿಟ್ಟಿತು. ಟವೆಲ್ ಹೆಗಲಿಗೆ ಹಾಕಿಕೊಂಡು ಬಾಗಿಲ ಕಡೆ ನಡೆದೇಬಿಟ್ಟರು. ಇದನ್ನು ನಾನು ಮೊದಲೇ ಹೇಳಿರಬೇಕಿತ್ತು! ಓಡಿಹೋಗಿ ಕೈ ಹಿಡಿದೆ.

“ಬಿಡ್ರಿ, ಬ್ಯಾಡಾದ ಮಾಸ್ತರನ್ನ ಹೊರಗ ಹಾಕಾಕ ನಾವೂ ಸಾಲ್ಯಾಗ ಹಿಂಗ ಬಡೀತಿದ್ವಿ,” ಎಂದರು. ಕಣ್ಣು ತುಂಬಿತ್ತು.

“ಇಲ್ರೀ ಯಜಮಾನ್ರ, ಅವರ ಕಾಲೇಜಿನ್ಯಾಗ ಭಾಷಣ ಭಾಳ ಮೆಚ್ಚಿದ್ರ ಚಪ್ಪಾಳಿ ಬದಲು ಹಿಂಗ ಮಾಡ್ತಾರ್ರಿ.”

ನಂಬದ ಮುಖದಲ್ಲೇ ಬಂದು ಕೂತರು. ಪ್ರೊಫೆಸರು ವಂದನೆ ಹೇಳಲು ಎದ್ದರು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು, ಮುಗಿಯುವ ಲಕ್ಷಣವಿಲ್ಲ. ಆಗ ಹನುಮಂತಪ್ಪ ಡೆಸ್ಕ್ ಬಡಿಯತೊಡಗಿದರು. ಪ್ರೊಫೆಸರು ಪುಳಕಗೊಂಡು, ಬಾಗಿ ನಮಸ್ಕರಿಸಿ ಕುಳಿತರು.

ಅದು ಯಾವ ದೇಶದ ಬಡಿತವೆಂದು ನಾನು ಕೇಳಲಿಲ್ಲ. ಅನುವಾದವನ್ನೂ ಮಾಡಲಿಲ್ಲ.