ಸೀಟಿನ ಕೆಳಗಿನ ಹದಿನೇಳು ಗುರುತು

ಬೆಳಗಿನ ಆರು ಗಂಟೆ. ಗಂಗಾವತಿಯ ಅಕ್ಕಿ ಗಿರಣಿಯೊಂದರ ಪಕ್ಕದ ಖಾಲಿ ಜಾಗದಲ್ಲಿ ಬಿಳಿ ಕಾರೊಂದು ನಿಂತಿದೆ. ಅದರ ಬಾಗಿಲಿನಿಂದ ಎರಡು ಪಾದಗಳು ಮಾತ್ರ ಹೊರಗಿವೆ. ಮಿಕ್ಕಂತೆ ಮೆಹಜಬೀನ ಪೂರ್ತಿ ಒಳಗಿದ್ದಾರೆ. ಮುಂದಿನ ಸೀಟನ್ನು ಹಿಂದಕ್ಕೆ ಸರಿಸಿ, ಮ್ಯಾಟು ಎತ್ತಿ, ಸಣ್ಣ ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಾರೆ. ಮ್ಯಾಟಿನಡಿ ಒಂದು ಹೇರ್‌ಪಿನ್, ಮಾತ್ರೆಯ ಖಾಲಿ ಪಟ್ಟಿ, ಬತ್ತದ ನಾಲ್ಕು ಕಾಳು. ಎಲ್ಲವನ್ನೂ ಎತ್ತಿ ಡ್ಯಾಶ್‌ಬೋರ್ಡಿನ ಮೇಲಿಡುತ್ತಾರೆ, ಯಾವುದನ್ನೂ ಎಸೆಯುವುದಿಲ್ಲ. ಆಮೇಲೆ ಸೀಮೆಎಣ್ಣೆಯ ಬಟ್ಟೆಯಿಂದ ಲೋಹ ಒರೆಸಿ, ಪೆನ್ಸಿಲ್ ಉಜ್ಜಿ, ಪಾರದರ್ಶಕ ಟೇಪು ಅಂಟಿಸಿ, ಉಗುರಿನಿಂದ ತೀಡಿ ಕೀಳುತ್ತಾರೆ. ಟೇಪಿನ ಮೇಲೆ ಬೂದು ಬಣ್ಣದ ಹದಿನೇಳು ಗುರುತುಗಳು: ಲೋಹದಲ್ಲಿ ಕೊರೆದ ಗಾಡಿ ನಂಬರಿನ ಅಕ್ಷರ, ಅಂಕಿಗಳು.

ಇದಕ್ಕೆ ಚಾಸಿ ಪ್ರಿಂಟ್ ಎನ್ನುತ್ತಾರೆ. ಹಳೆಯ ಗಾಡಿ ಹೊಸ ಮಾಲೀಕರ ಹೆಸರಿಗೆ ಹೋಗಬೇಕಾದರೆ ಈ ಟೇಪು ಅರ್ಜಿಗೆ ಅಂಟಿರಬೇಕು. ಅರ್ಜಿಗಳು ಕೊಪ್ಪಳದ ಸಾರಿಗೆ ಕಚೇರಿಗೆ ಹೊರಡುವ ಮೊದಲೇ ಮೆಹಜಬೀನ ಅವರ ಕೆಲಸ ಮುಗಿಯಬೇಕು. ಅವರಿಗೀಗ ನಲವತ್ಮೂರು. ಅಕ್ಕಿ ಲಾರಿ ಓಡಿಸುತ್ತಿದ್ದ ಪತಿ ಬೆನ್ನುನೋವಿನಿಂದ ಸ್ಟಿಯರಿಂಗ್ ಬಿಟ್ಟ ವರ್ಷ ಇವರು ಪೆನ್ಸಿಲ್ ಹಿಡಿದರು. ಹನ್ನೊಂದು ವರ್ಷವಾಯಿತು.

"ಗಂಡಸರ ಹೊಟ್ಟಿ ಆ ಸಂದ್ಯಾಗ ಹಿಡಿಯಂಗಿಲ್ರಿ. ಅದಕ್ಕ ನನಗ ಕೆಲಸಾ ಸಿಕ್ತು," ಎನ್ನುತ್ತಾರೆ.

ಪ್ರತಿ ಗಾಡಿಯಿಂದ ಅವರು ಎರಡು ಟೇಪು ತೆಗೆಯುತ್ತಾರೆ. ಒಂದು ಅರ್ಜಿಗೆ. ಇನ್ನೊಂದು ತಮ್ಮ ನೋಟ್‌ಬುಕ್ಕಿಗೆ. ನಂತರ ಕಾರಿನ ನೆರಳಲ್ಲೇ ಕುಳಿತು ಮೊಬೈಲಿನಲ್ಲಿ ಆ ಗಾಡಿಯ ಕಂಪನಿಯ ಜಾಲತಾಣ ತೆರೆದು ನಂಬರು ಹಾಕುತ್ತಾರೆ. ಗಾಡಿಗೆ ರೀಕಾಲ್ ಬಾಕಿ ಇದೆಯೇ ಎಂದು ನೋಡಲು. ಅಂದರೆ, ಯಾವುದಾದರೂ ಭಾಗ ಅಪಾಯಕಾರಿ ಎಂದು ತಯಾರಿಸಿದವರೇ ಒಪ್ಪಿ, ಗಾಡಿಯನ್ನು ವಾಪಸ್ ಕರೆದಿದ್ದಾರೆಯೇ ಎಂದು. ಇದನ್ನು ಮಾಡಿ ಎಂದು ಯಾರೂ ಹೇಳಿಲ್ಲ. ನಾಲ್ಕು ವರ್ಷದ ಹಿಂದೆ ನಾದಿನಿ ಹುಸೇನಬೀ ಅವರ ಹಳೆಯ ಕಾರು ಕಾಲುವೆ ಸೇತುವೆಯ ನಡುವೆ ಒಮ್ಮೆಲೇ ಬಂದ್ ಆಯಿತು. ಹಿಂದೆ ಬತ್ತದ ಟ್ರ್ಯಾಕ್ಟರ್ ಇತ್ತು, ಅದು ಹೇಗೋ ನಿಂತಿತು. ಕೆಟ್ಟದ್ದು ಇಂಧನದ ಪಂಪು, ಅದನ್ನು ಬದಲಿಸಿಕೊಡುವುದಾಗಿ ಕಂಪನಿ ಎಂದೋ ಪತ್ರ ಬರೆದಿದೆ, ಪತ್ರ ಹಳೆಯ ಮಾಲೀಕರಿಗೆ ಹೋಗಿದೆ ಎಂದು ಸರ್ವೀಸ್ ಸೆಂಟರಿನವರು ಹೇಳಿದರು. ಅಂದಿನಿಂದ ನಲವತ್ತು ನೋಟ್‌ಬುಕ್ ತುಂಬಿವೆ. ಹದಿನಾರು ಸಾವಿರದ ನೂರ ನಲವತ್ತಾರು ಗಾಡಿಗಳಲ್ಲಿ ತೊಂಬತ್ತೇಳಕ್ಕೆ ರೀಕಾಲ್ ಬಾಕಿ ಇತ್ತು.

ಬಿಳಿ ಕಾರು ತೊಂಬತ್ತೆಂಟನೆಯದು. ಅದು ಯಲಬುರ್ಗಾದ ನರ್ಸ್ ಲಲಿತಾ ಅವರದು. ಎರಡು ವರ್ಷದ ಹಿಂದೆ ಏಜೆಂಟ್ ದೇವೇಂದ್ರಪ್ಪನವರ ಮೂಲಕ ಗಿರಣಿ ಸಾಹುಕಾರರೊಬ್ಬರಿಂದ ಕೊಂಡದ್ದು. ಹೆಸರು ಬದಲಿಸಿರಲಿಲ್ಲ. ಈ ಕಡೆ ಇದು ಅಪರೂಪವಲ್ಲ: ಏಳಿಗೆ ಕಂಡವರ ಗಾಡಿ ಕೊಂಡರೆ ಅವರ ಹೆಸರನ್ನು ಬೇಕೆಂದೇ ಹಾಗೆಯೇ ಉಳಿಸಿಕೊಳ್ಳುತ್ತಾರೆ, ಅದೃಷ್ಟ ಗಾಡಿಯ ಜೊತೆಗೇ ಇರಲಿ ಎಂದು. ವಿಮೆಯವರು ತಕರಾರು ತೆಗೆದ ಮೇಲಷ್ಟೇ ಲಲಿತಾ ಅರ್ಜಿ ಹಾಕಲು ಬಂದಿದ್ದಾರೆ.

ಮೊಬೈಲ್ ನೋಡಿದ ಮೆಹಜಬೀನ ಲಲಿತಾ ಅವರನ್ನು ಕರೆಯುತ್ತಾರೆ. ಎಡಗಡೆಯ ಮುಂದಿನ ಸೀಟಿನ ಏರ್‌ಬ್ಯಾಗ್ ಬಿಚ್ಚಿಕೊಳ್ಳುವಾಗ ಅದರ ಲೋಹದ ಡಬ್ಬಿ ಒಡೆದು ಚೂರು ಸಿಡಿಯಬಹುದು. ಕಂಪನಿ ಕರೆದು ಹದಿನಾಲ್ಕು ತಿಂಗಳಾಗಿದೆ. ಆ ಸೀಟಿನಲ್ಲಿ ತಿಂಗಳಿಗೊಮ್ಮೆ ಕೊಪ್ಪಳದ ಕಣ್ಣಾಸ್ಪತ್ರೆಗೆ ಹೋಗುವವರು ಲಲಿತಾ ಅವರ ತಾಯಿ ವಿರೂಪಾಕ್ಷಮ್ಮ. ಈಗಲೂ ಅಲ್ಲಿಯೇ ಕೂರಲು ಕಾಯುತ್ತಿದ್ದಾರೆ.

"ಅಮ್ಮಾರ, ಇವತ್ತಿಂದ ಹಿಂದ ಕುಂದರ್ರಿ."

"ಹಿಂದ ಕುಂತ್ರ ನನಗ ವಾಂತಿ ಬರತೈತಿ. ಸಾವ್ಕಾರ್ರ ಹೆಸರಿನ ಗಾಡಿ ಐತಿದು, ಏನಾಗತೈತಿ?"

"ಸಾವ್ಕಾರ್ರ ಹೆಸರಿಗೆ ಕಾಗದಾ ಬಂದೈತಿ ಬೇ. ಅವ್ರು ಹೊಸಾ ಗಾಡ್ಯಾಗ ಅಡ್ಡಾಡಾಕತ್ಯಾರ."

ಅಷ್ಟರಲ್ಲಿ ದೇವೇಂದ್ರಪ್ಪ ಬರುತ್ತಾರೆ. ಮೆಹಜಬೀನ ದಿನಕ್ಕೆ ತೆಗೆಯುವ ಹದಿನಾಲ್ಕು ಪ್ರಿಂಟುಗಳಲ್ಲಿ ಒಂಬತ್ತು ಅವರು ಕಳಿಸುವ ಗಾಡಿಗಳವು.

"ಪ್ರಿಂಟ್ ತಗೀವಾ ಅಂದ್ರ ಜಾತಕಾ ತಗೀತಿಯಲ್ಲ ನೀ! ಗಿರಾಕಿ ಓಡಿ ಹೋದ್ರ ನೀ ಕಟ್ಟಿ ಹಾಕ್ತಿ ಏನು?"

"ಮದವಿ ಮುರೀರಿ ಅಂದಿಲ್ಲಣ್ಣಾರ. ಶಾಂತಿ ಮಾಡಿಸ್ರಿ ಅಂದೀನಿ. ಅದೂ ಪುಕ್ಕಟೆ."

"ನಾಳಿಂದ ನನ್ನ ಗಾಡಿ ಮುಟ್ಟಬ್ಯಾಡ. ಬಾಯಿ ಮುಚ್ಕೊಂಡು ಪ್ರಿಂಟ್ ತಗಿಯೋರು ಸಿಗ್ತಾರ."

ಮೆಹಜಬೀನ ಎರಡನೆಯ ಟೇಪನ್ನು ನೋಟ್‌ಬುಕ್ಕಿಗೆ ಅಂಟಿಸುತ್ತಾರೆ. ಟೇಪು ಓರೆಯಾಗುತ್ತದೆ. ಲಲಿತಾ ಕಾರನ್ನು ವಾಪಸ್ ಕೊಡುತ್ತೇನೆ ಎನ್ನುತ್ತಾರೆ. ಮೆಹಜಬೀನ ಬೇಡವೆಂದು ತಲೆಯಾಡಿಸುತ್ತಾರೆ.

"ನೀವು ಕೊಟ್ರ ಇನ್ನೊಬ್ರ ಅವ್ವ ಆ ಸೀಟಿನ್ಯಾಗ ಕುಂದರತಾಳ. ಕಂಪನಿ ಸರ್ವೀಸ್ ಸೆಂಟರಿಗೆ ಹೋಗ್ರಿ. ಎರಡನೇ ಮಾಲಕ್ರಾದ್ರೂ ರೊಕ್ಕಾ ಕೇಳಂಗಿಲ್ಲ. ಸಾಮಾನಿಲ್ಲ ಅಂದ್ರ, ಯಾವಾಗ ಬರತೈತಿ ಅಂತ ಬರದು ಕೊಡ್ರಿ ಅನ್ರಿ. ಕೊಡ್ಲಿಲ್ಲಂದ್ರ ಕಂಪನಿ ದೊಡ್ಡ ಆಫೀಸಿಗೆ ಬರೀರಿ. ಅದಕ್ಕೂ ಬಗ್ಗಲಿಲ್ಲಂದ್ರ ಗ್ರಾಹಕರ ಆಯೋಗ ಐತಿ. ಹೆಸರು ಮಾತ್ರ ಮೊದ್ಲು ನಿಮ್ದು ಮಾಡ್ಕೊಳ್ರಿ, ಮುಂದಿನ ಕಾಗದಾ ನಿಮ್ಮ ಮನಿಗೇ ಬರಬೇಕು."

ಮಾರುವವರು ಗೊತ್ತಿದ್ದೇ ಮುಚ್ಚಿಟ್ಟಿದ್ದರೆ ಅವರ ಮೇಲೂ ದೂರು ಕೊಡಬಹುದು ಎಂಬುದನ್ನು ಅವರು ದೇವೇಂದ್ರಪ್ಪನವರ ಎದುರಿಗೇ ಹೇಳುತ್ತಾರೆ. ಈ ಕಾರಿನ ರೀಕಾಲ್ ಬಂದದ್ದು ಮಾರಾಟವಾದ ಮೇಲೆ, ಹಾಗಾಗಿ ಇಲ್ಲಿ ಅವರ ತಪ್ಪಿಲ್ಲ ಎಂಬುದನ್ನೂ ಹೇಳುತ್ತಾರೆ. ಎರಡನೆಯ ಮಾತು ಕೇಳಿಸಿಕೊಳ್ಳಲು ದೇವೇಂದ್ರಪ್ಪ ನಿಲ್ಲುವುದಿಲ್ಲ.

ಲಲಿತಾ ಮುನಿರಾಬಾದ್ ದಾಟಿ ಹೊಸಪೇಟೆಯ ಸರ್ವೀಸ್ ಸೆಂಟರಿಗೆ ಎರಡು ಸಲ ಹೋಗಿ ಬರುತ್ತಾರೆ. ಮೊದಲ ಸಲ ಸಾಮಾನಿಲ್ಲ, ಯಾವಾಗ ಬರುತ್ತದೆಂದು ಬರೆದ ಚೀಟಿ ಸಿಗುತ್ತದೆ. ಹನ್ನೊಂದನೆಯ ದಿನ ಏರ್‌ಬ್ಯಾಗಿನ ಡಬ್ಬಿ ಬದಲಾಗುತ್ತದೆ, ಹಣ ಕೇಳುವುದಿಲ್ಲ. ಆ ಹನ್ನೊಂದು ದಿನ ವಿರೂಪಾಕ್ಷಮ್ಮ ಹಿಂದಿನ ಸೀಟಿನಲ್ಲಿ ನಿಂಬೆಹಣ್ಣು ಮೂಸುತ್ತ ಓಡಾಡಿದ್ದಾರೆ.

ದೇವೇಂದ್ರಪ್ಪ ಮಾತು ತಪ್ಪಿಲ್ಲ. ಒಂದೂವರೆ ತಿಂಗಳಾದರೂ ಅವರ ಗಾಡಿಗಳು ಬಂದಿಲ್ಲ. ಅವಕ್ಕೀಗ ಬೇರೊಬ್ಬರು ಪ್ರಿಂಟ್ ತೆಗೆಯುತ್ತಾರೆ, ಒಂದೇ ಟೇಪು. ಮೆಹಜಬೀನ ಅವರ ದಿನದ ಲೆಕ್ಕ ಐದಕ್ಕೆ ಇಳಿದಿದೆ. ಲಲಿತಾ ಕಳಿಸಿದ ಇಬ್ಬರು ನರ್ಸುಗಳು ಬಂದ ದಿನ ಏಳಾಗಿತ್ತು. ಮಧ್ಯಾಹ್ನದ ನಂತರ ಅವರು ಗಿರಣಿಯಲ್ಲಿ ಅಕ್ಕಿ ಚೀಲ ಹೊಲಿಯುತ್ತಿದ್ದಾರೆ. ಹೇಳುವುದನ್ನು ಬಿಟ್ಟರೆ ಹಳೆಯ ಕೆಲಸ ವಾಪಸ್ ಬರಬಹುದಲ್ಲವೇ ಎಂದರೆ, ಬಾಯಿಯಲ್ಲಿದ್ದ ದಾರ ಕಡಿದು, ಸೂಜಿಯನ್ನು ಚೀಲಕ್ಕೆ ಚುಚ್ಚಿ ನಿಲ್ಲಿಸುತ್ತಾರೆ.

"ನಂಬರ್ ಓದಿದ ಮ್ಯಾಲೆ ಓದಿಲ್ಲ ಅನ್ನಾಕ ಬರಂಗಿಲ್ರಿ. ನನ್ನದೊಂದ ಆಸೆ ಐತಿ. ಹೆಸರು ಬದಲಿಸೋ ಫಾರ್ಮಿನ್ಯಾಗ ಒಂದ ಸಾಲು ಜಾಸ್ತಿ ಇರಬೇಕು, ಗಾಡಿಗೆ ರೀಕಾಲ್ ಐತೋ ಇಲ್ಲೋ ಅಂತ. ಅವಾಗ ದೇವೇಂದ್ರಪ್ಪಣ್ಣ ನನ್ನ ಮ್ಯಾಲೆ ಸಿಟ್ಟಾಗಂಗಿಲ್ಲ. ಫಾರ್ಮಿನ ಮ್ಯಾಲೆ ಆಗ್ತಾನ."