ಗೇಟಿನ ಲಗಮಪ್ಪ ಗುಡ್ಡ ಹತ್ತಿದ್ದು

ದಾಂಡೇಲಿಯ ಅಂಬೇವಾಡಿಯಲ್ಲಿ ಬರೀ ಲಗಮಪ್ಪ ಅಂದರೆ ಯಾರಿಗೂ ಗೊತ್ತಾಗುವುದಿಲ್ಲ, ಗೇಟಿನ ಲಗಮಪ್ಪ ಅನ್ನಬೇಕು. ಪೇಪರ್ ಮಿಲ್ಲಿನ ಗೇಟಿನಲ್ಲಿ ನಿಂತು, ಹೊರಗೆ ಹೋಗುವವರ ಬುತ್ತಿ ಡಬ್ಬಿಯ ಮುಚ್ಚಳ ತೆಗೆಸಿ ನೋಡುವುದೇ ಅವನ ನೌಕರಿಯಾಗಿತ್ತು. ನೌಕರಿ ಮುಗಿಯಿತು, ನೋಡುವುದು ಮುಗಿಯಲಿಲ್ಲ. ಬೀಗರು ಮನೆಗೆ ಬಂದರೂ ಅವನ ಕಣ್ಣು ಮೊದಲು ಅವರ ಚೀಲಕ್ಕೆ ಒಂದು ಸುತ್ತು ಹಾಕಿ ಆಮೇಲೆ ಮುಖಕ್ಕೆ ಬರುತ್ತಿತ್ತು. ಕೆಲಸವಿಲ್ಲದೆ ಮನೆಯಲ್ಲಿ ಕೂತ ನಾವು ಗಂಡಸರು ಮೊಣಕಾಲು ನೋವನ್ನೋ ಪೇಪರನ್ನೋ ಹಚ್ಚಿಕೊಳ್ಳುತ್ತೇವೆ. ಲಗಮಪ್ಪ ಸಂಶಯ ಹಚ್ಚಿಕೊಂಡಿದ್ದ.

ತಡವಾಗಿ ಹುಟ್ಟಿದ ಒಬ್ಬಳೇ ಮಗಳು ಸ್ವಪ್ನಾ ಹಳಿಯಾಳದ ಕಾಲೇಜಿನಲ್ಲಿ ಓದುತ್ತಿದ್ದಳು. ಗಿಡಮರ ನೋಡಲು ಜೋಯಿಡಾದ ಗುಡ್ಡಗಳಿಗೆ ಒಂದು ವಾರ ಕರೆದೊಯ್ಯುತ್ತಾರೆ ಅಂದಾಗ ಇವನು ಬೇಡವೆಂದ. ಹೆಂಡತಿ ಸಿದ್ದಕ್ಕ ರೊಟ್ಟಿ ಬಡಿಯುವ ಸಪ್ಪಳ ಜೋರು ಮಾಡಿದಳು. ಕೊನೆಗೆ ತಾನೂ ಜೊತೆಗೆ ಬರುವುದಾದರೆ ಆಗಲಿ ಅಂದ. ಹುಡುಗರನ್ನು ಕರೆದೊಯ್ಯುವ ವಿದ್ಯಾವತಿ ಮೇಡಂ, ಸಾಮಾನು ಕಾಯಲು ಒಬ್ಬರಾದರು ಎಂದು ಒಪ್ಪಿದರು.

ಮೊದಲ ದಿನ ಕುಳಗಿಯಲ್ಲಿ ಇಳಿದುಕೊಂಡರು. ತಲೆಯ ಮೇಲೆ ಬರ್‍ ಬರ್‍ ಎಂದು ರೆಕ್ಕೆ ಬಡಿಯುತ್ತ ಮಂಗಟ್ಟೆ ಹಕ್ಕಿ ಹಾರಿದರೆ ಹುಡುಗರು ಮೇಲೆ ನೋಡಿದರು, ಲಗಮಪ್ಪ ಚೀಲಗಳ ಕಡೆ ನೋಡಿದ. ಎಲ್ಲರೂ ಮೇಲೆ ನೋಡುವ ಹೊತ್ತೇ ಕಳ್ಳನ ಹೊತ್ತು ಎಂಬುದು ಗೇಟಿನ ಅನುಭವ. ಟೆಂಪೋ ಡ್ರೈವರ್ ಯಾಕೆ ಅಷ್ಟು ನಗುತ್ತಾನೆ, ಚಹಾ ಯಾಕೆ ಇಷ್ಟು ಕೆಂಪಗಿದೆ ಎಂದೂ ವಿಚಾರಿಸಿದ. ಆದರೆ ಹೆಚ್ಚಿನ ಸಂಶಯವೆಲ್ಲ ದಾರಿ ತೋರಿಸಲು ಬಂದ ಸೈಮನ್‌ನ ಮೇಲೆ. ಸೈಮನ್ ಇವರೊಂದಿಗೆ ಕನ್ನಡದಲ್ಲಿ ಮಾತಾಡಿ, ಫೋನು ಬಂದ ಕೂಡಲೇ ಕೊಂಕಣಿಗೆ ಹೊರಳುತ್ತಿದ್ದ. ಮನೆಯವರ ಫೋನು ಅಂದರೆ ಲಗಮಪ್ಪ ನಂಬಬೇಕಲ್ಲ. ಇದು ಸರಿ ಕಾಣುವುದಿಲ್ಲ, ನಾಳೆ ಗುಡ್ಡ ಇಳಿದವರೇ ನಾವಿಬ್ಬರೂ ಮನೆಗೆ ಹೋಗೋಣ ಎಂದು ರಾತ್ರಿ ಊಟದ ಹೊತ್ತಿಗೆ ಮಗಳಿಗೆ ಹೇಳಿಬಿಟ್ಟ. ಸ್ವಪ್ನಾ ತಾಟು ಎತ್ತಿಕೊಂಡು ದೂರ ಹೋಗಿ ಕೂತಳು.

ಮರುದಿನ ಜೋಯಿಡಾದ ಆಚೆ ಗುಡ್ಡ ಹತ್ತುವಾಗ ಸೈಮನ್ ಮುಂದೆ, ಅವನ ಮೇಲೆ ಕಣ್ಣಿಡಲು ಲಗಮಪ್ಪ ಅವನ ಬೆನ್ನಿಗೆ. ಅಪ್ಪನ ಮೇಲೆ ಮುನಿದ ಸ್ವಪ್ನಾ ಎಲ್ಲರಿಗಿಂತ ಹಿಂದೆ, ಮೇಡಂ ಮತ್ತು ಒಂದಿಬ್ಬರು ಗೆಳತಿಯರ ಜೊತೆ ಉಳಿದಳು. ದಾರಿ ಒಡೆದಲ್ಲೆಲ್ಲ ಸೈಮನ್ ಒಂದು ಹಸಿ ಕೊಂಬೆ ಮುರಿದು, ತಾನು ಹೋಗದ ದಾರಿಗೆ ಅಡ್ಡ ಹಾಕುತ್ತಿದ್ದ. ಲಗಮಪ್ಪನಿಗೆ ಎಲ್ಲ ತಿಳಿದುಹೋಯಿತು. ಹಿಂದೆ ಬರುವ ಯಾವನಿಗೋ ಇದು ಸನ್ನೆ! ಸೈಮನ್ ಮುಂದೆ ತಿರುಗಿದ ಕೂಡಲೇ ಇವನು ಬಗ್ಗಿ ಕೊಂಬೆಯನ್ನು ಎತ್ತಿ ಪೊದೆಗೆ ಒಗೆದ. ಪ್ರತಿ ಸಲವೂ ಒಗೆದ. ಇಷ್ಟು ಒಳ್ಳೆಯ ಡ್ಯೂಟಿ ಮಾಡಿ ವರ್ಷಗಳಾಗಿದ್ದವು.

ಮೇಲಿನ ಬಂಡೆಗೆ ಮುಂದಿನವರೆಲ್ಲ ಬಂದು ನೀರು ಕುಡಿದು ದಣಿವಾರಿಸಿಕೊಂಡರು. ಹಿಂದಿನವರು ಬರಲೇ ಇಲ್ಲ. ಫೋನು ಹತ್ತಲಿಲ್ಲ. ಲಗಮಪ್ಪ ಎದ್ದು ಸೈಮನ್‌ನ ಅಂಗಿ ಹಿಡಿದ.

“ನನ್ನ ಮಗಳೆಲ್ಲಿ?”

“ಅಂಗಿ ಬಿಡ್ರಿ ಕಾಕಾ. ತಪ್ಪು ದಾರಿಗೆಲ್ಲ ಕೊಂಬಿ ಅಡ್ಡ ಹಾಕೇನಿ. ಹಿಂದಿನವ್ರು ಅದನ್ನ ನೋಡೇ ಬರ್ತಾರ.”

ಲಗಮಪ್ಪನ ಕೈ ತಾನಾಗಿಯೇ ಸಡಿಲಾಯಿತು. ತಾನು ಪೊದೆಗೆ ಒಗೆದ ಕೊಂಬೆಗಳನ್ನು ಮನಸ್ಸಿನಲ್ಲೇ ಎಣಿಸತೊಡಗಿದ.

ಸೈಮನ್ ಇಳಿದು ಹೋಗಿ, ಬಹಳ ಹೊತ್ತಿನ ಮೇಲೆ ಹಿಂದುಳಿದವರನ್ನೆಲ್ಲ ಕರೆತಂದ. ಅವರು ಕೆಳಗಿನ ಗದ್ದೆಯ ಕಡೆ ಇಳಿದು, ಯಾರದೋ ಮನೆಯ ಕಟ್ಟೆಯ ಮೇಲೆ ಕೋಕಂ ಶರಬತ್ತು ಕುಡಿಯುತ್ತ ಕೂತಿದ್ದರಂತೆ. ಹುಡುಗಿಯರ ಮುಖದಲ್ಲಿ ದಾರಿ ತಪ್ಪಿದ ಹೆಮ್ಮೆಯಿತ್ತು. ಮೇಡಂ ಮುಖದಲ್ಲಿ ಬೇರೆಯೇ ಇತ್ತು. ಒಂದು ಗುರುತಾದರೂ ಹಾಕಬೇಡವೇ, ಮಕ್ಕಳಿಗೆ ಏನಾದರೂ ಆಗಿದ್ದರೆ, ಪ್ರವಾಸ ಇಲ್ಲಿಗೇ ಸಾಕು ಎಂದು ಸೈಮನ್‌ನನ್ನು ತರಾಟೆಗೆ ತೆಗೆದುಕೊಂಡರು. ಕೊಂಬೆ ಹಾಕಿದ್ದೆ ಎಂದು ಸೈಮನ್ ಹೇಳಿದರೆ, ಎಲ್ಲಿದೆ ತೋರಿಸು ಅಂದರು. ತೋರಿಸಲು ಇರಲಿಲ್ಲ.

ಲಗಮಪ್ಪನಿಗೆ ಬೇಕಾದದ್ದೇ ಆಗಿತ್ತು. ಸುಮ್ಮನಿದ್ದರೆ ಸಂಜೆಯ ಹೊತ್ತಿಗೆ ಮಗಳು ಅಂಬೇವಾಡಿಯಲ್ಲಿರುತ್ತಾಳೆ. ಸ್ವಪ್ನಾಳ ಕಡೆ ನೋಡಿದ. ಅವಳು ಅಳುತ್ತಿರಲಿಲ್ಲ. ಬ್ಯಾಗಿನ ಪಟ್ಟಿ ಬಿಗಿಯುತ್ತಿದ್ದಳು, ಇಳಿಯಲು.

“ಮೇಡಂ, ಅವ್ರು ಹಾಕಿದ್ರು,” ಅಂದ ಲಗಮಪ್ಪ. “ನಾನ ತಗದು ಒಗದೇನ್ರಿ.”

“ಯಾಕ್ರಿ?”

“ಕಳ್ಳರಿಗೆ ಸನ್ನಿ ಅಂತ ತಿಳಕೊಂಡೆ.”

ಹುಡುಗರು ಹೊಟ್ಟೆ ಹಿಡಿದು ನಗುತ್ತ ಕೂತರು. ಸೈಮನ್ ಅಂಗಿಯ ಕಾಲರ್ ಸರಿಮಾಡಿಕೊಳ್ಳುತ್ತ, “ಇಷ್ಟು ಗುಡ್ಡಾ ಹತ್ತಿ ಬರೂ ಕಳ್ಳಗ ನಾವ ಚಹಾ ಕುಡಿಸಿ ಕಳಸೂಣ್ರಿ ಕಾಕಾ,” ಅಂದ. ಮೇಡಂ ನಗಲಿಲ್ಲ. ಪ್ರವಾಸ ನಡೆಯಲಿ, ಆದರೆ ಸಾಮಾನು ಕಾಯುವವರು ಇನ್ನು ಬೇಡ ಅಂದರು.

ಸ್ವಪ್ನಾ ಹತ್ತಿರ ಬಂದಳು. “ಅಪ್ಪಾ, ಜೋಯಿಡಾದಿಂದ ಬಸ್ಸು ಐತಂತ.”

“ಇಬ್ರಿಗೂ?”

“ನಿನಗ.”

ಬಸ್ಸಿನಲ್ಲಿ ಪಕ್ಕ ಕೂತವನು ಗೋಣಿಚೀಲದ ತುಂಬ ಗೆಣಸು ಹೇರಿಕೊಂಡಿದ್ದ. ಏನು ಕಾಕಾ, ಎಲ್ಲಿ ಹೋಗಿದ್ದಿರಿ ಎಂದು ಕೇಳಿದ. ಮಗಳ ಜೊತೆ ಗುಡ್ಡಕ್ಕೆ ಅಂದ ಲಗಮಪ್ಪ. ಮಗಳನ್ನು ಅಲ್ಲೇ ಬಿಟ್ಟು ಬಂದಿರೇನು ಎಂದು ಅವನು ಬೆರಗಾದ.

“ನಾ ಎಲ್ಲಿ ಬಿಟ್ಟೆ,” ಅಂದ ಲಗಮಪ್ಪ. “ಅಕಿನ ನನ್ನ ಬಸ್ ಹತ್ತಿಸಿ ಹೋದ್ಲು.”